ಮೂವತ್ತೊಂದನೇ ಪುಟದ ಕೈ

ಜೂನ್ ೩, ಸೋಮವಾರ

ಇವತ್ತು ನಲವತ್ತೆರಡು ಕಾರ್ಡು ಬಂದವು. ನಾವು ತರುವ ಪ್ರತಿಯೊಂದು ಮಕ್ಕಳ ಪುಸ್ತಕದ ಕೊನೆಯಲ್ಲೂ ಒಂದು ಅಂಚೆ ಕಾರ್ಡು ಹೊಲಿದಿರುತ್ತೇವೆ, ‘ಈ ಪುಸ್ತಕದ ಬಗ್ಗೆ ನಿಮಗೇನನ್ನಿಸಿತು?’ ಎಂದು. ಪುಟ ಜೋಡಿಸುವುದು ನನ್ನ ಕೆಲಸ. ಕಾರ್ಡು ಓದಿ ಉತ್ತರ ಬರೆಯುವುದನ್ನು ಯಜಮಾನರು ಹತ್ತು ವರ್ಷದ ಹಿಂದೆ “ಸ್ವಲ್ಪ ದಿನ ನೋಡ್ಕೊಳ್ಳಪ್ಪಾ” ಎಂದು ನನ್ನ ತಲೆಗೆ ಕಟ್ಟಿದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಮಕ್ಕಳ ಮಾಹಿತಿ ಪುಸ್ತಕ ಓದುವ ದೊಡ್ಡವರಷ್ಟು ಕ್ರೂರಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೇಟೆ ಪ್ರಾಣಿಗಳ ಪುಸ್ತಕಕ್ಕೆ ಒಬ್ಬ ತಂದೆ ಬರೆದಿದ್ದಾನೆ: ಸಿಂಹದ ಬಾಯಲ್ಲಿ ರಕ್ತ ಬರೆದವನ ಕೈ ಕಡಿಯಬೇಕು. ಹಲ್ಲಿನ ಪುಸ್ತಕಕ್ಕೆ ಒಬ್ಬ ಮುಖ್ಯೋಪಾಧ್ಯಾಯಿನಿ: ಇಂಥ ಒಸಡಿನ ಚಿತ್ರ ಬರೆದವನ ಹಲ್ಲು ಉದುರಿಸಬೇಕು. ಮಕ್ಕಳ ಅಭಿಪ್ರಾಯ ಮಾತ್ರ ಯಾವಾಗಲೂ ಒಂದೇ, ರಕ್ತ ಸಾಲದು. ಎಲ್ಲವನ್ನೂ ಚಿತ್ರದ ಮೇಷ್ಟ್ರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಎರಡೂ ಕೈ ಎತ್ತಿ ಹಿಡಿದು, “ಇದಾವೆ, ಇದಾವೆ, ಇನ್ನೂ ಎರಡೂ ಇದಾವೆ” ಅಂದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನಮ್ಮ ಓದುಗರು ಒಳ್ಳೆಯವರು, ಹೊಡೆದಾಟವನ್ನೆಲ್ಲ ಕಾರ್ಡಿನಲ್ಲೇ ಮುಗಿಸಿಕೊಳ್ಳುತ್ತಾರೆ.

ಹೋದ ತಿಂಗಳು ಹೊರಬಂದ ಹೊಸ ಪುಸ್ತಕ ಮನೆಯೊಳಗಿನ ಯಂತ್ರಗಳ ಬಗ್ಗೆ. ನಲ್ಲಿ, ಬೀಗ, ಫ್ಯಾನು, ಗ್ಯಾಸ್ ಸಿಲಿಂಡರು, ಎಲ್ಲದರ ಹೊಟ್ಟೆ ಬಗೆದು ತೋರಿಸಿದ ಚಿತ್ರಗಳು. ಮೇಷ್ಟ್ರು ಚೆನ್ನಾಗಿ ಬರೆದಿದ್ದಾರೆ, ನಾನು ಅದಕ್ಕಿಂತ ಚೆನ್ನಾಗಿ ಜೋಡಿಸಿದ್ದೇನೆ. ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಪುಟದ ಮೇಲಿನ ಮುಖವಾಗಲಿ, ಕೈಯಾಗಲಿ, ಪ್ರಾಣಿಯಾಗಲಿ ಪುಸ್ತಕದ ಬೆನ್ನಿನ ಕಡೆಗೆ, ಅಂದರೆ ಒಳಕ್ಕೆ, ನೋಡುತ್ತಿರಬೇಕು. ಹೊರಕ್ಕೆ ನೋಡಿದರೆ ಓದುವವರ ಕಣ್ಣೂ ಪುಟದಾಚೆಗೆ ಜಾರಿಹೋಗುತ್ತದೆ. ಮೂವತ್ತೊಂದನೇ ಪುಟದಲ್ಲಿ ಸಿಲಿಂಡರಿನ ವಾಲ್ವ್ ಹಿಡಿದ ಕೈ ಹೊರಕ್ಕೆ ನೋಡುತ್ತಿತ್ತು. ನಾನು ಅದನ್ನು, ಪಕ್ಕದ ಬಾಣದ ಸಮೇತ, ಕಂಪ್ಯೂಟರಿನಲ್ಲಿ ಕನ್ನಡಿಗೆ ಹಿಡಿದ ಹಾಗೆ ತಿರುಗಿಸಿದೆ. ಪುಟಕ್ಕೆ ಜೀವ ಬಂತು. ನಾನಲ್ಲದೆ ಇನ್ಯಾರಿಗೆ ಹೊಳೆಯುತ್ತಿತ್ತು!

ಅದೇ ಪುಟದ ಬಗ್ಗೆ ನಾಲ್ಕನೇ ಕ್ಲಾಸಿನ ಮಗುವೊಂದರ ಕಾರ್ಡು: ‘ಪುಟ ೩೧ರಲ್ಲಿರೋದು ಎಡಗೈ. ಬೇರೆ ಪುಟದಲ್ಲೆಲ್ಲ ಬಲಗೈ ಇದೆ. ನಮ್ಮ ಮನೆ ವಾಲ್ವ್ ಬಾಣ ತೋರಿಸಿದ ಕಡೆ ತಿರುಗಿಸಿದರೆ ಮುಚ್ಚಲ್ಲ.’ ನಾನು ಉತ್ತರ ಬರೆದೆ: ‘ಪುಟ್ಟಾ, ಲೋಕದಲ್ಲಿ ಎಡಚರೂ ಇರುತ್ತಾರೆ. ಅವರನ್ನೂ ಪ್ರೀತಿಸಬೇಕು.’ ಕೊನೆಯ ವಾಕ್ಯಕ್ಕೂ ಏನಾದರೂ ಬರೆಯೋಣವೆಂದರೆ ಅಷ್ಟರಲ್ಲಿ ಊಟಕ್ಕೆ ಕರೆದರು.

ಜೂನ್ ೭, ಶುಕ್ರವಾರ

ಮಗಳ ಹಲ್ಲು ಬಿತ್ತು. ಮನೆಯಲ್ಲಿ ಅವಳನ್ನು ಮೆಣಸಿನಕಾಯಿ ಅನ್ನುತ್ತೇವೆ, ಒಂಬತ್ತು ವರ್ಷಕ್ಕೇ ಅಷ್ಟು ಖಾರ. ಬಿದ್ದ ಹಲ್ಲನ್ನು ನಮ್ಮ ಪುಸ್ತಕದ ಚಿತ್ರದ ಪಕ್ಕ ಇಟ್ಟು, “ಅಪ್ಪಾ, ನಿಮ್ಮ ಚಿತ್ರದಲ್ಲಿ ಬೇರು ಉದ್ದ ಆಯ್ತು” ಅಂದಳು. ಪುಸ್ತಕದ್ದು ದೊಡ್ಡವರ ಹಲ್ಲು ಎಂದೆ. “ಹಾಗಂತ ಬರೀಬೇಕಪ್ಪ ಮತ್ತೆ” ಎಂದು ನನ್ನನ್ನೇ ಗದರಿಸಿದಳು. ಅವಳನ್ನು ಹೆಗಲ ಮೇಲೆ ಹೊತ್ತು ಮನೆಯೆಲ್ಲ ಸುತ್ತಿದೆ. ಬೆನ್ನು ಇನ್ನೂ ನೋಯುತ್ತಿದೆ.

ಜೂನ್ ೧೪, ಶುಕ್ರವಾರ

ಬರೆಯುವ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಒಬ್ಬ ಬಸ್ ಡ್ರೈವರು ಸಮವಸ್ತ್ರದಲ್ಲೇ ಒಳಗೆ ನುಗ್ಗಿದ. ಕೈಯಲ್ಲಿ ನಮ್ಮ ಯಂತ್ರಗಳ ಪುಸ್ತಕ, ಅರ್ಧ ಸುಟ್ಟದ್ದು. ಮುಂಬಾಗಿಲ ಗಾಜನ್ನು ಮೊಣಕೈಯಿಂದ ಗುದ್ದಿ ಪುಡಿ ಮಾಡಿದ.

“ಯಾರೋ ಇದರಲ್ಲಿ ಚಿತ್ರ ಬರ್ದೋನು?”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಎದ್ದು ನಿಂತರು. ಯಾರೋ ಅಭಿಮಾನಿ ಎಂದುಕೊಂಡರೋ ಏನೋ. “ನಾನೇ. ಏನಾಗ್ಬೇಕಿತ್ತು?”

“ನನ್ ಮಗಳು ಈ ಪುಸ್ತಕಾನ ಬಾಯಿಪಾಠ ಮಾಡಿದ್ಲು. ಅಡುಗೆಮನೇಲಿ ಗ್ಯಾಸ್ ವಾಸ್ನೆ ಬಂತು. ದೊಡ್ಡೋರಿಗೆ ಕಾಯ್ಲಿಲ್ಲ, ಪುಸ್ತಕದಲ್ಲಿದ್ದ ಹಾಗೇ ಮಾಡಿದ್ಲು. ಬಾಣ ನೋಡ್ಕೊಂಡು ತಿರುಗಿಸಿದ್ಲು. ತಿರುಗಿಸ್ದಷ್ಟೂ ಬಂತು ಗ್ಯಾಸು, ದೀಪಕ್ಕೆ ಭಗ್ಗಂತ ಹತ್ಕೊಂತು! ಎರಡೂ ಕೈ ಸುಟ್ಟೋಗಿದೆ ಕಣೋ, ಕತ್ತಿನವರೆಗೂ!”

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅವನು ಅವರ ಬಲಗೈಯ ಮಣಿಕಟ್ಟು ಹಿಡಿದು ದರದರನೆ ಎಳೆದುಕೊಂಡು ಹೋದ. ಪುಸ್ತಕದ ಕೋಣೆಗೆ ಕಬ್ಬಿಣದ ಬಾಗಿಲಿದೆ. ಬೆರಳುಗಳನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ಬಾಗಿಲನ್ನು ಬಡಿದ. ಮೂರು ಸಲ. ಮೊದಲನೆಯದಕ್ಕೆ ಮೇಷ್ಟ್ರು ಕಿರುಚಿದರು. ಎರಡನೆಯದಕ್ಕೆ ಮೂಳೆಯ ಸದ್ದು ಕೇಳಿಸಿತು. ಮೂರನೆಯದಕ್ಕೆ ಅವರಿಂದ ಸದ್ದೇ ಬರಲಿಲ್ಲ. ಹೊಸ ಮುಖಪುಟಗಳ ಕಟ್ಟಿನ ಮೇಲೆ ರಕ್ತ ಚಿಮ್ಮಿತು.

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ನನ್ನ ಕೈಯಲ್ಲಿ ಉಕ್ಕಿನ ಅಳತೆಪಟ್ಟಿ ಇತ್ತು. ಬಾಯಿಗೆ ಬೀಗ ಬಿದ್ದಿತ್ತು.

ಆಮೇಲೆ ಮುದ್ರಣದ ಹುಡುಗರೆಲ್ಲ ಓಡಿಬಂದು ಡ್ರೈವರನ್ನು ನೆಲಕ್ಕೆ ಕೆಡವಿದರು. ಒದೆಗಳು ಬಿದ್ದವು. ಅವನ ಬಾಯಿಂದ ರಕ್ತವೂ ಒಂದು ಹಲ್ಲೂ ಹೊರಗೆ ಬಂದವು. ಅವನು ತಪ್ಪಿಸಿಕೊಳ್ಳಲಿಲ್ಲ, “ಎರಡೂ ಕೈ, ಎರಡೂ ಕೈ” ಅನ್ನುತ್ತಲೇ ಇದ್ದ. ಪೊಲೀಸರು ಬಂದು ಎತ್ತಿಕೊಂಡು ಹೋದರು. ಮನೆಗೆ ಬಂದು ನೋಡಿದರೆ ನನ್ನ ಬೂಟಿನ ತುದಿಗೂ ರಕ್ತ ಅಂಟಿದೆ. ಯಾವಾಗ ಅಂಟಿತೋ ಗೊತ್ತಿಲ್ಲ.

ಜೂನ್ ೧೫, ಶನಿವಾರ

ಯಾರೂ ಬರುವ ಮುಂಚೆ ಆಫೀಸಿಗೆ ಹೋದೆ. ಬೀರುವಿನಿಂದ ಮೂವತ್ತೊಂದನೇ ಪುಟದ ಅಸಲು ಚಿತ್ರ ತೆಗೆದು ನೋಡಿದೆ. ಬಲಗೈ. ಬಾಣ ಗಡಿಯಾರದ ಮುಳ್ಳು ತಿರುಗುವ, ವಾಲ್ವ್ ಮುಚ್ಚುವ ಕಡೆಗೇ ಇದೆ. ಮೇಷ್ಟ್ರು ಸರಿಯಾಗಿಯೇ ಬರೆದಿದ್ದಾರೆ. ಪುಸ್ತಕದಲ್ಲಿ ಚಿತ್ರ ತಿರುಗಿದೆ. ಚಿತ್ರದಲ್ಲಿ ಒಂದೇ ಒಂದು ಅಕ್ಷರವಿದ್ದಿದ್ದರೂ ಉಲ್ಟಾ ಕಂಡು ಸಿಕ್ಕಿಬೀಳುತ್ತಿತ್ತು. ಇರಲಿಲ್ಲ.

ಅಸಲು ಚಿತ್ರ ನನ್ನ ಚೀಲದಲ್ಲಿದೆ. ಆ ನಾಲ್ಕನೇ ಕ್ಲಾಸಿನ ಕಾರ್ಡು ಹರಿದುಹೋಯಿತು. ಹದಿನಾರು ಚೂರು.

ಹತ್ತು ಗಂಟೆಗೆ ಯಜಮಾನರು ಬಂದು ಅಸಲು ಎಲ್ಲಿ ಎಂದರು. ಸಿಗುತ್ತಿಲ್ಲ ಅಂದೆ. ಸಂಜೆ ಮನೆಯಲ್ಲಿ ಹೆಂಡತಿ, “ರೀ, ಮುಖ ಯಾಕೆ ಹೀಗಾಗಿದೆ?” ಎಂದು ಕೇಳುತ್ತಿರುವಾಗ ಲೋಟ ಬಿತ್ತು. ಎದುರಿನ ಗೋಡೆಗೆ ಬಿತ್ತು.

ಜೂನ್ ೧೭, ಸೋಮವಾರ

ಮಾರಾಟವಾಗದೆ ಉಳಿದ ಪ್ರತಿಗಳಿಗೆ ಒಂದು ತಿದ್ದುಪಡಿ ಚೀಟಿ ಅಂಟಿಸಬೇಕಂತೆ. ನನಗೇ ಬರೆಯಲು ಹೇಳಿದರು. ‘ಪುಟ ೩೧ರ ಚಿತ್ರ ತಿರುಗಿದೆ. ಓದುಗರು ಗಮನಿಸಬೇಕು’ ಎಂದು ಬರೆದು ಕರಡು ಅಕ್ಕನಿಗೆ ಕೊಟ್ಟೆ. ಅಕ್ಕ ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿ ನಿವೃತ್ತರಾಗಿ ನಮ್ಮಲ್ಲಿ ಕರಡು ತಿದ್ದಲು ಕೂತವರು. ಕೆಂಪು ಪೆನ್ನು ತೆಗೆದರು.

“ತಿರುಗಿದೆ ಅಂದ್ರೇನಪ್ಪಾ? ಚಿತ್ರ ಏನು ಬೀದಿನಾಯೀನಾ, ತಾನೇ ತಿರುಗೋಕೆ? ಯಾರೋ ತಿರುಗಿಸಿರ್ಬೇಕು, ಇಲ್ಲ ಯಾರೋ ತಪ್ಪು ಬರ್ದಿರ್ಬೇಕು. ಕರ್ತೃಪದ ಎಲ್ಲಿ?”

“ಚೀಟಿಗೆ ಇಷ್ಟು ಸಾಕಕ್ಕಾ.”

“ಸಾಲಲ್ಲ. ಒಂದು ಮಗು ಸುಟ್ಟೋಗಿದೆ. ಕ್ರಿಯಾಪದ ಮಾತ್ರ ಇದೆ, ಮಾಡಿದವನೇ ಇಲ್ಲ. ಇದ್ಯಾವ ಊರಿನ ವಾಕ್ಯ?”

ಕರಡಿನ ಕಟ್ಟು ಅವರ ಮುಖಕ್ಕೆ ಹೋಗಿ ಬಡಿಯಿತು. ಕನ್ನಡಕದ ಒಂದು ಕಡ್ಡಿ ಮುರಿಯಿತು. ಹುಬ್ಬಿನ ಮೇಲೆ ಸ್ವಲ್ಪ ಗೀರಿದೆಯಷ್ಟೆ. ಅವರು ನನ್ನನ್ನೇ ನೋಡುತ್ತ ಕೂತರು. ಆ ನೋಟಕ್ಕೆ ನನ್ನ ಮೈಯೆಲ್ಲ ಉರಿದುಹೋಯಿತು. ಮುದುಕಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ.

ಜೂನ್ ೨೦, ಗುರುವಾರ

ಮೇಷ್ಟ್ರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಯಜಮಾನರು ಕಳಿಸಿದ್ದರಿಂದ ಹೋದೆ, ಇಲ್ಲದಿದ್ದರೆ ಹೋಗುತ್ತಿರಲಿಲ್ಲ. ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿದೆ. ನಾಲ್ಕು ಬೆರಳು ಪುಡಿಯಾಗಿವೆ. ಇನ್ನು ಕುಂಚ ಹಿಡಿಯಲು ಆಗುವುದಿಲ್ಲವಂತೆ. ಅದನ್ನು ಅವರು ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದರು.

“ನಾನೇ ತಪ್ಪು ಬರ್ದಿರ್ಬೇಕು ಕಣಯ್ಯಾ. ಬಲಗೈ ಬರ್ದಿದ್ದೆ ಅಂತ್ಲೇ ನೆನಪು. ಆದ್ರೆ ನೆನಪನ್ನ ನಂಬೋಕಾಗುತ್ತಾ? ಕಣ್ಣೂ ಮಂಜಾಗಿದೆ. ಅಸಲು ಸಿಕ್ತಾ?”

“ಇಲ್ಲ ಮೇಷ್ಟ್ರೇ.”

“ಹುಡುಕು. ಬಲಗೈ ಆಗಿದ್ರೆ ಒಂದು ದಿನ ನಿದ್ದೆ ಮಾಡ್ತೀನಿ.”

ಪೊಲೀಸರು ಯಾರಾದರೂ ಒಬ್ಬರು ಹೊಣೆ ಹೊರಬೇಕು ಅನ್ನುತ್ತಿದ್ದಾರಂತೆ. ಯಜಮಾನರು ಮೇಷ್ಟ್ರಿಂದಲೇ ಒಂದು ಹೇಳಿಕೆ ಬರೆಸಿಕೊಳ್ಳುತ್ತಾರಂತೆ. ಹೇಗೂ ಅವರು ಇನ್ನು ಚಿತ್ರ ಬರೆಯುವುದಿಲ್ಲ, ಹೆಸರು ಕೆಟ್ಟರೆಷ್ಟು ಬಿಟ್ಟರೆಷ್ಟು. ಇದು ಯಜಮಾನರ ಮಾತು, ನನ್ನದಲ್ಲ. ಆದರೆ ಕೇಳಿದಾಗ ನನಗೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕ ಹಾಗಾಯಿತು.

ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಸುಟ್ಟಗಾಯದ ವಾರ್ಡು ಇದೆ. ಮೆಟ್ಟಿಲ ಹತ್ತಿರ ನಿಂತಿದ್ದಾಗ ಮೇಲಿನಿಂದ ಒಂದು ಮಗು ಚೀರುವುದು ಕೇಳಿಸಿತು. ಬ್ಯಾಂಡೇಜು ಬದಲಿಸುವ ಹೊತ್ತು ಎಂದು ನರ್ಸು ಹೇಳಿದಳು. ಯಾವ ಮಗು ಎಂದು ನಾನು ಕೇಳಲಿಲ್ಲ. ಮೆಟ್ಟಿಲು ಇಳಿದುಬಿಟ್ಟೆ.

ಜೂನ್ ೨೨, ಶನಿವಾರ

ಇನ್ನೂರ ಹನ್ನೊಂದು ಕಾರ್ಡು. ಚಿತ್ರಗಾರನ ಇನ್ನೊಂದು ಕೈಯನ್ನೂ ಮುರಿಯಿರಿ. ಅವನನ್ನು ಅದೇ ಸಿಲಿಂಡರಿಗೆ ಕಟ್ಟಿ ಕಡ್ಡಿ ಗೀರಿ. ಅವನ ಕಣ್ಣು ಕೀಳಿ, ಹೇಗೂ ಉಪಯೋಗಕ್ಕಿಲ್ಲ. ಒಬ್ಬಳು ತಾಯಿ ಬಹಳ ಚೆಂದದ ಅಕ್ಷರದಲ್ಲಿ, ಅವನ ಮಕ್ಕಳೂ ಬೇಯಲಿ ಎಂದು ಬರೆದಿದ್ದಾಳೆ. ಮೇಷ್ಟ್ರಿಗೆ ಮಕ್ಕಳಿಲ್ಲ. ನನಗಿದ್ದಾಳೆ.

ಎಲ್ಲದಕ್ಕೂ ಉತ್ತರ ಬರೆದೆ: ‘ನಿಮ್ಮ ಅಭಿಪ್ರಾಯ ತಲುಪಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುತ್ತಿದೆ.’

ಬರುವಾಗ ಗೇಟಿನ ಹತ್ತಿರ ಮಲಗುವ ನಾಯಿ ಕಾಲಿಗೆ ಸಿಕ್ಕಿತು. ಎರಡು ಸಲ. ಪಕ್ಕದ ಮನೆಯವರು, “ಅದೇನು ಮಾಡ್ತುರೀ ನಿಮಗೆ?” ಎಂದು ಕಾಲು ಕೆದರಿ ಜಗಳಕ್ಕೆ ಬಂದರು. ಜನಕ್ಕೆ ಬೇರೆ ಕೆಲಸವಿಲ್ಲ. ನಾಯಿ ಸಂಜೆಯಿಂದ ಎದ್ದಿಲ್ಲ.

ಜೂನ್ ೨೪, ಸೋಮವಾರ

ಸಣ್ಣ ಅನಾಹುತ ಆಯಿತು.

ಸಂಜೆ ಮನೆಗೆ ಬಂದು ಮುಖ ತೊಳೆಯುತ್ತಿದ್ದೆ. ಮೆಣಸಿನಕಾಯಿ ಪೆನ್ಸಿಲ್ ಬೇಕೆಂದು ನನ್ನ ಚೀಲಕ್ಕೆ ಕೈ ಹಾಕಿದ್ದಾಳೆ. ಹೊರಗೆ ಬಂದು ನೋಡಿದರೆ ಅಸಲು ಚಿತ್ರವನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದಾಳೆ.

“ಅಪ್ಪಾ, ಇದು ಸರಿಯಾಗಿದೆ. ಪುಸ್ತಕದಲ್ಲಿ ಮಾತ್ರ ಉಲ್ಟಾ ಇದೆ. ಮೇಷ್ಟ್ರು ತಾತ ಸರಿಯಾಗೇ ಬರ್ದಿದ್ರು ಅಲ್ವಾ? ಮತ್ಯಾಕೆ ಎಲ್ರೂ ತಾತನ್ನೇ...”

ಅವಳ ಮಾತು ಮುಗಿಯಲಿಲ್ಲ. ಏಟು ಬಿತ್ತು. ಇನ್ನೊಂದು ಬಿತ್ತು. ಅವಳು ಕುರ್ಚಿಯ ಸಮೇತ ಹಿಂದಕ್ಕೆ ಹೋದಳು, ಎಡಗೈ ಅಡಿಗೆ ಸಿಕ್ಕಿಕೊಂಡಿತು. ಕಡ್ಡಿ ಮುರಿದಂಥ ಸದ್ದು. ಹೆಂಡತಿ ಅಡುಗೆಮನೆಯಿಂದ ಓಡಿಬಂದು ನನ್ನ ಎದೆಗೆ ಗುದ್ದಿದಳು, ಅಂಗಿ ಹರಿದಳು. ಅವಳ ಕೂದಲು ಯಾರದೋ ಮುಷ್ಟಿಯಲ್ಲಿತ್ತು. ಅವಳು ಕೂಗಿದ್ದು ಒಂದೇ ಮಾತು, “ಬಿಡ್ರೀ, ಬಿಡ್ರೀ ಅಂದೆ!”

ಚಿತ್ರಕ್ಕೆ ಏನೂ ಆಗಿಲ್ಲ. ಮತ್ತೆ ಚೀಲದಲ್ಲಿಟ್ಟಿದ್ದೇನೆ.

ಜೂನ್ ೨೫, ಮಂಗಳವಾರ

ತುಟಿ ಹೊಲಿದಿದ್ದಾರೆ, ಬಲಗಣ್ಣು ಮುಚ್ಚಿಕೊಂಡಿದೆ. ಮನೆಯಲ್ಲಿ ನಾನೊಬ್ಬನೇ. ಆದದ್ದನ್ನು ಆದ ಹಾಗೆ ಬರೆಯಲು ನೋಡುತ್ತೇನೆ.

ಬೆಳಿಗ್ಗೆ ನಾನೂ ಹೆಂಡತಿಯೂ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂಳೆ ಡಾಕ್ಟರ ಕೋಣೆಯ ಮುಂದೆ ಉದ್ದನೆಯ ಬೆಂಚು. ಅದರ ಮೇಲೆ ಮೇಷ್ಟ್ರು ಕೂತಿದ್ದರು! ಪ್ಲಾಸ್ಟರ್ ತೋರಿಸಲು ಬಂದಿದ್ದರಂತೆ. ನನ್ನನ್ನು ನೋಡಿ ಅವರ ಮುಖ ಅರಳಿತು.

“ಒಳ್ಳೇ ಹೊತ್ತಿಗೆ ಬಂದೆ ಕಣಯ್ಯಾ. ಇದನ್ನ ಸ್ವಲ್ಪ ಹಿಡ್ಕೊ.”

ಮಡಿಲಿನಿಂದ ಒಂದು ಕಾಗದ ತೆಗೆದರು. ಯಜಮಾನರು ಟೈಪು ಮಾಡಿಸಿ ಕಳಿಸಿದ ಹೇಳಿಕೆ. ‘ಪುಟ ೩೧ರ ಚಿತ್ರವನ್ನು ನಾನು ಅಜಾಗರೂಕತೆಯಿಂದ ತಪ್ಪಾಗಿ ಬರೆದೆ. ಇದರ ಸಂಪೂರ್ಣ ಹೊಣೆ ನನ್ನದು.’ ಸಹಿ ಹಾಕಲು ಬಲಗೈ ಇಲ್ಲ. ಎಡಗೈ ಹೆಬ್ಬೆಟ್ಟು ಒತ್ತಬೇಕು. ಶಾಯಿಯ ಪೆಟ್ಟಿಗೆ ಬೆಂಚಿನ ಮೇಲಿತ್ತು. “ನಲವತ್ತು ವರ್ಷ ಚಿತ್ರದ ಮೂಲೇಲಿ ಸಹಿ ಹಾಕಿದೋನು, ಈಗ ನೋಡು, ಹೆಬ್ಬೆಟ್ಟು” ಎಂದು ನಕ್ಕರು. ನಾನು ಕಾಗದ ಹಿಡಿದುಕೊಂಡೆ. ಅವರು ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡರು.

ಅಷ್ಟರಲ್ಲಿ ಡಾಕ್ಟರಮ್ಮ ಬಾಗಿಲಿಗೆ ಬಂದು ಮಗಳ ಕೈ ನೋಡಿದರು. “ಹೇಗಾಯ್ತು ಪುಟ್ಟಿ?”

“ಬಿದ್ದೆ.”

“ಎಲ್ಲಿಂದ ಬಿದ್ದೆ?”

“ಕುರ್ಚಿಯಿಂದ. ಸುಮ್ನೆ ಬಿದ್ದೆ.”

ಡಾಕ್ಟರಮ್ಮ ಚೀಟಿಯಲ್ಲಿ ‘ಬಿದ್ದು ಪೆಟ್ಟಾಗಿದೆ’ ಎಂದು ಬರೆದರು. ನನ್ನ ಎದೆ ಹಗುರಾಯಿತು. ಜಾಣೆ ನನ್ನ ಮಗಳು, ಅಂದುಕೊಂಡೆ. ಹಾಗೆ ಅಂದುಕೊಂಡದ್ದು ನಿಜ, ಬರೆದಿಡುತ್ತೇನೆ.

ಮೇಷ್ಟ್ರು ಅವಳ ಕಡೆ ಬಗ್ಗಿ, “ನಮ್ಮಿಬ್ಬರದ್ದೂ ಒಂದೇ ಕಂಪನಿ ಆಯ್ತಲ್ಲ ಮೆಣಸಿನಕಾಯೀ” ಎಂದು ತಮಾಷೆ ಮಾಡಿದರು. ಅವಳು ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

“ಬಿದ್ದೆ ತಾತ. ಯಾರೂ ಹೊಡೀಲಿಲ್ಲ.”

ಹೊಡೆದರೇ ಎಂದು ಯಾರೂ ಕೇಳಿರಲಿಲ್ಲ.

ಮೇಷ್ಟ್ರ ಹೆಬ್ಬೆರಳು ಕಾಗದಕ್ಕೆ ಇನ್ನೊಂದು ಗೇಣು ದೂರದಲ್ಲಿತ್ತು. ನಾನು ಕಾಗದವನ್ನು ಹಿಂದಕ್ಕೆ ಎಳೆದುಕೊಂಡೆ. ಚೀಲದಿಂದ ಅಸಲು ಚಿತ್ರ ತೆಗೆದು ಅವರ ತೊಡೆಯ ಮೇಲಿಟ್ಟೆ.

“ನೀವು ಬಲಗೈನೇ ಬರ್ದಿದ್ರಿ ಮೇಷ್ಟ್ರೇ. ಒಳಕ್ಕೆ ನೋಡ್ಲಿ ಅಂತ ನಾನು ತಿರುಗಿಸ್ದೆ. ಒಂದು ಮಗು ಕಾರ್ಡ್ ಬರ್ದು ಹೇಳಿತ್ತು, ಅದನ್ನ ಹರಿದು ಹಾಕ್ದೆ.”

ಅವರು ಚಿತ್ರದ ಮೇಲೆ ಬಗ್ಗಿದರು. ಬಾಣದ ಮೇಲೆ ಎಡಗೈ ಬೆರಳು ಆಡಿಸಿದರು, ಶಾಯಿ ಅಂಟಿತು. “ಬಲಗೈ” ಅಂದರು. ಮತ್ತೆ “ಬಲಗೈ” ಅಂದರು. ಆಮೇಲೆ ಎದ್ದು, ಪ್ಲಾಸ್ಟರ್ ಹಾಕಿದ ಕೈಯನ್ನೇ ಎತ್ತಿ ನನ್ನ ಮುಖಕ್ಕೆ ಬೀಸಿದರು. ಇಡೀ ಆಯುಷ್ಯದಲ್ಲಿ ಯಾರ ಮೇಲೂ ದನಿ ಎತ್ತದ ಮನುಷ್ಯ. ಮೊದಲ ಹೊಡೆತಕ್ಕೆ ತುಟಿ ಸೀಳಿತು, ಎರಡನೆಯದಕ್ಕೆ ಕಣ್ಣು ಕತ್ತಲಾಯಿತು. ನಾನು ನೆಲಕ್ಕೆ ಉರುಳಿದ ಮೇಲೂ ಬಿಡಲಿಲ್ಲ. ಪ್ಲಾಸ್ಟರ್ ಬಿರಿದು ಒಳಗಿನಿಂದ ರಕ್ತ ಒಸರಿತು. ಹೊಡೆದಷ್ಟೂ ನೋವು ಅವರಿಗೇ ಆಗುತ್ತಿತ್ತು, ಹೊಡೆದಷ್ಟೂ ಅವರೇ ಕಿರುಚುತ್ತಿದ್ದರು. ಕೊನೆಗೆ ಇಬ್ಬರು ವಾರ್ಡಿನವರು ಬಂದು ಸೊಂಟ ಹಿಡಿದು ಎಳೆದರು. ನನ್ನ ಹೆಂಡತಿ ಮಗಳನ್ನು ತಬ್ಬಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಅವಳು ಬಿಡಿಸಲು ಬರಲಿಲ್ಲ.

ಡಾಕ್ಟರಮ್ಮ ಓಡಿಬಂದು ನನ್ನ ಪಕ್ಕ ಮಂಡಿಯೂರಿದರು. “ಏನಾಯ್ತು? ಯಾರು ಹೊಡೆದಿದ್ದು?”

ಮೇಷ್ಟ್ರು ಏದುಸಿರು ಬಿಡುತ್ತ ಬೆಂಚಿನ ಮೇಲೆ ಕುಸಿದಿದ್ದರು. ಅವರಿಗೆ ಇನ್ನೊಂದು ಕೇಸು ಬೇಡ ಎಂದೇ ನನ್ನ ಮನಸ್ಸಿನಲ್ಲಿದ್ದದ್ದು, ಬೇರೆ ಏನೂ ಇರಲಿಲ್ಲ. ಬಾಯಿಂದ ರಕ್ತ ಉಗುಳಿ ಹೇಳಿದೆ.

“ಬಿದ್ದೆ.”

“ಸುಳ್ಳು” ಅಂದಳು ಮಗಳು. ಅಮ್ಮನ ತೋಳಿನಿಂದ ಬಿಡಿಸಿಕೊಂಡು ಮುಂದೆ ಬಂದಳು. “ಅಪ್ಪ ಬೀಳ್ಲಿಲ್ಲ. ತಾತ ಹೊಡೆದ್ರು. ನಾನೂ ಬೀಳ್ಲಿಲ್ಲ. ನಂಗೆ ಅಪ್ಪ ಹೊಡೆದ.”

ಡಾಕ್ಟರಮ್ಮ ನನ್ನನ್ನು ಅಲ್ಲೇ ಬಿಟ್ಟು ಎದ್ದರು. ಜೇಬಿನಿಂದ ಆಗಿನ ಚೀಟಿ ತೆಗೆದು ಮೊದಲು ಬರೆದದ್ದನ್ನು ಹೊಡೆದು ಹಾಕಿದರು. “ಇನ್ನೊಂದ್ಸಲ ಹೇಳಮ್ಮ, ನಿಧಾನಕ್ಕೆ” ಅಂದರು. ಅವಳು ನಿಧಾನವಾಗಿ ಹೇಳಿದಳು, ಅವರು ಹಾಗೇ ಬರೆದುಕೊಂಡರು. ನಾನು ನೆಲದ ಮೇಲೆ ಬಿದ್ದುಕೊಂಡೇ ಕೇಳಿಸಿಕೊಂಡೆ. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.